ಎಳ್ಳು ತೂರುವ ಗಾಳಿ

ನಮ್ಮ ಊರಲ್ಲಿ ನಂಬಲಾಗದ ಮಾತಿಗೆ ಒಂದು ಹೆಸರಿತ್ತು: ಹಡಗಿನ ಮಾತು. ಯಾರಾದರೂ ತನ್ನ ಎಮ್ಮೆ ಹೊತ್ತಿಗೆ ಎರಡು ಕೊಡ ಹಾಲು ಕರೆಯುತ್ತದೆ ಎಂದರೆ, ಚಹಾದ ಅಂಗಡಿಯಲ್ಲಿ ಕೂತವರು ಇದು ಹಡಗಿನ ಮಾತಾಯಿತು ಎಂದು ನಗುತ್ತಿದ್ದರು. ಆ ಮಾತು ಎಲ್ಲಿಂದ ಬಂತೆಂದು ಈಗಿನವರಿಗೆ ಗೊತ್ತಿಲ್ಲ. ಅದು ನನ್ನಿಂದ ಬಂತು. ನಮ್ಮದು ಯಲಬುರ್ಗಾ ಸೀಮೆಯಲ್ಲಿ, ಬೇವೂರಿನ ಆಚೆಗಿರುವ ಎರೆಹೊಲದ ಊರು. ಕುಡಿಯುವ ನೀರಿಗೇ ಕೊಡ ಹೊತ್ತು ಮೈಲಿಗಟ್ಟಲೆ ನಡೆದವರ ಮುಂದೆ ನಿಂತು, ನಾನು ಎಂಟು ವರ್ಷ ಸಮುದ್ರದ ಮೇಲೆ ಹಾಯಿ ಹಡಗಿನಲ್ಲಿ ದುಡಿದು ಬಂದೆ ಎಂದರೆ ಯಾರು ತಾನೇ ನಂಬುತ್ತಾರೆ? ನಂಬದಿದ್ದರೆ ಬಿಡಲಿ. ಹೆಸರಿಟ್ಟು ನಕ್ಕರಲ್ಲ, ಅದನ್ನು ನಾನು ನಲವತ್ತು ವರ್ಷ ಮರೆಯಲಿಲ್ಲ. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡು ಹುಟ್ಟಿದವನು ನಾನು, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಹೋದ ಕತೆ ಸಣ್ಣದು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಕೊಪ್ಪಳದ ಒಂದು ಲಾರಿಗೆ ಕ್ಲೀನರ್ ಆಗಿ, ಶೇಂಗಾ ಚೀಲಗಳ ಜೊತೆ ಮಂಗಳೂರಿನ ಹಳೆಯ ಬಂದರಿಗೆ ಇಳಿದೆ. ದಂಡೆಗೆ ಒತ್ತಿ ನಿಂತಿದ್ದ ಕಟ್ಟಿಗೆಯ ಸರಕು ಹಡಗುಗಳಿಗೆ ಅಲ್ಲಿ ಮಂಜಿ ಎನ್ನುತ್ತಿದ್ದರು. ಎಂಜಿನ್ ಇಲ್ಲ. ಒಂದು ದೊಡ್ಡ ಹಾಯಿ, ಒಂದು ಸಣ್ಣದು, ಹತ್ತು ಹನ್ನೆರಡು ಖಲಾಸಿಗಳು, ಅವರ ಮೇಲೆ ತಂಡೇಲ ಎನ್ನಿಸಿಕೊಳ್ಳುವ ಒಬ್ಬ ಯಜಮಾನ. ಅಕ್ಕಿ, ಹಂಚು, ಬೆಲ್ಲ ಹೊತ್ತು ದ್ವೀಪಗಳಿಗೆ ಹೋಗುತ್ತಿದ್ದರು, ಬರುವಾಗ ಕೊಬ್ಬರಿ, ನಾರು ತರುತ್ತಿದ್ದರು. ಲಾರಿ ಖಾಲಿಯಾಗುವ ತನಕ ಕೆಲಸವಿಲ್ಲದೆ ಅಲ್ಲೇ ನಿಂತು ನೋಡಿದೆ. ಒಂದು ಮಂಜಿಯ ಮೇಲೆ ಇಬ್ಬರು ಹರಿದ ಹಾಯಿಗೆ ತೇಪೆ ಹಾಕುತ್ತಿದ್ದರು. ಹೊಲಿಗೆ ನೋಡಿ ನನಗೆ ನಗು ತಡೆಯಲಾಗಲಿಲ್ಲ. ಇಂಥ ಹೊಲಿಗೆ ಹಾಕಿದರೆ ನಮ್ಮ ಕಡೆ ಸೊಸೆಯನ್ನು ತವರಿಗೆ ಕಳಿಸುತ್ತಾರೆ ಎಂದೆ. ನೆರೆಮನೆಯ ಮುಸಲ್ಮಾನರ ಮಕ್ಕಳ ಜೊತೆ ಆಡುತ್ತ ಕಲಿತ ಉರ್ದು ನನ್ನದು, ತಂಡೇಲನಿಗೆ ಚೆನ್ನಾಗಿಯೇ ಅರ್ಥವಾಯಿತು. ಅವನು ಸೂಜಿ ಎತ್ತಿ ನನ್ನ ಕಡೆ ಚಾಚಿದ. ನಾನು ಕೂತು ಹೊಲಿದೆ. ತಲೆ ಎತ್ತಿದಾಗ ಲಾರಿ ಹೋಗಿತ್ತು.

ಹೊಲಿಗೆ ನನಗೆ ಬಂದದ್ದು ಅವ್ವನಿಂದ. ಹೆಣ್ಣುಮಕ್ಕಳಿಲ್ಲದ ಮನೆ ನಮ್ಮದು. ಹಳೆಯ ಸೀರೆ, ಧೋತರ ಪದರಪದರವಾಗಿ ಹಾಸಿ ಅವ್ವ ಕೌದಿ ಹೊಲಿಯುವಾಗ ಆಚೆಯ ಅಂಚಿಗೆ ಕೂಡಲು ನಾನೇ ಬೇಕಾಗುತ್ತಿತ್ತು. ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಅವಳು ಅದರೊಳಗೆ ಒಂದು ಚೂರು ರೊಟ್ಟಿ ಇಟ್ಟು ಹೊಲಿಯುತ್ತಿದ್ದಳು. ಹೊದೆಯುವವರೂ ಹಸಿಯಬಾರದು, ಹೊದಿಕೆಯೂ ಹಸಿಯಬಾರದು ಎಂಬುದು ಅವಳ ನಂಬಿಕೆ. ಆ ದಿನ ಹಾಯಿಯ ತೇಪೆ ಮುಗಿಸುವಾಗ ನನ್ನ ಕೈ ತಾನಾಗಿಯೇ ಚೀಲಕ್ಕೆ ಹೋಯಿತು. ಊರಿಂದ ತಂದಿದ್ದ ಜೋಳದ ಕಟಕ ರೊಟ್ಟಿಯಲ್ಲಿ ಒಂದು ತುಂಡು ಉಳಿದಿತ್ತು. ಅದನ್ನು ಮುರಿದು ತೇಪೆಯ ಮೂಲೆಗೆ ಇಟ್ಟು ಹೊಲಿದೆ.

ಅಕ್ಕಿ ಹೊತ್ತ ಹಡಗಿನಲ್ಲಿ ಇಲಿಗಳಿರುತ್ತವೆ ಎಂದು ನನಗೇನು ಗೊತ್ತು. ಅಕ್ಕಿ ತಿಂದು ಬೇಸತ್ತ ಇಲಿಗಳಿಗೆ ಯಲಬುರ್ಗಾದ ಜೋಳದ ರುಚಿ ಹತ್ತಿತು. ಮೂರನೆಯ ದಿನ ಹಾಯಿ ಏರಿಸಿದಾಗ ಹೊಸ ತೇಪೆಯ ಜಾಗದಲ್ಲಿ ಊಟದ ಗಂಗಾಳದಷ್ಟು ತೂತು, ಅದರೊಳಗಿಂದ ಆಕಾಶ ಕಾಣುತ್ತಿತ್ತು. ತಂಡೇಲ ಎಲ್ಲರನ್ನೂ ನಿಲ್ಲಿಸಿ ಕೇಳಿದ. ಸುಳ್ಳು ಹೇಳಲು ನನಗೆ ಬರುವುದಿಲ್ಲ, ಹಾಯಿಗೆ ಊಟ ಹಾಕಿದ್ದೆ ಎಂದೆ. ಖಲಾಸಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ತಂಡೇಲ ನಗಲಿಲ್ಲ. ಮುಂದಿನ ಬಂದರಿನಲ್ಲಿ ಇಳಿದುಹೋಗು ಎಂದ. ಎರಡು ದಿನ ಕೂತು ನಾನು ಆ ಹಾಯಿಯ ಹಳೆಯ ತೇಪೆಗಳನ್ನೆಲ್ಲ ಬಿಚ್ಚಿ ಮತ್ತೆ ಹೊಲಿದೆ. ಬಂದರು ಬಂತು. ಅವನು ಹಾಯಿಯ ಅಂಚನ್ನು ಉಗುರಿನಿಂದ ಎಳೆದೆಳೆದು ನೋಡಿ, ಹಾಯಿಗೆ ಉಣಿಸಿದ್ದು ಸಾಕು, ಈಗ ನೀನು ಉಣ್ಣು ಎಂದ. ನನ್ನ ನೌಕರಿ ಖಾಯಂ ಆದದ್ದು ಹಾಗೆ. ಈ ಕತೆಯನ್ನು ನಾಚಿಕೆಯಿಂದ ನಾನು ಊರಲ್ಲಿ ಯಾರಿಗೂ ಹೇಳಲಿಲ್ಲ, ಬರೆದಿಟ್ಟೆ ಅಷ್ಟೇ.

ಬರೆಯುವ ಚಟ ಹತ್ತಿದ್ದು ಗಾಳಿಯಿಂದ. ತಂಡೇಲನ ಬಾಯಲ್ಲಿ ಗಾಳಿಗೆ ಹತ್ತಾರು ಹೆಸರು, ಎಲ್ಲ ಅವನ ಸೀಮೆಯವು, ನನ್ನ ನಾಲಿಗೆಗೆ ಒಂದೂ ಹತ್ತಲಿಲ್ಲ. ಆದರೆ ಗಾಳಿ ನನಗೆ ಹೊಸದಾಗಿರಲಿಲ್ಲ. ರಾಶಿ ಮಾಡುವ ಕಣದಲ್ಲಿ ಮೊರ ಹಿಡಿದು ಕಾಳು ತೂರಿದವನು ನಾನು. ಎಳ್ಳು ಹಗುರ, ಅದನ್ನು ತೂರಲು ಕೆನ್ನೆ ಸವರಿದಂಥ ಮೆಲ್ಲಗಿನ ಗಾಳಿ ಸಾಕು. ಸಜ್ಜೆಗೆ ಇನ್ನಷ್ಟು ಬೇಕು, ಜೋಳಕ್ಕೆ ಅದಕ್ಕಿಂತ ಹೆಚ್ಚು. ಕಡಲೆ ತೂರುವ ಗಾಳಿಯಲ್ಲಿ ತಲೆಯ ರುಮಾಲು ನಿಲ್ಲುವುದಿಲ್ಲ. ಅದನ್ನೂ ಮೀರಿದರೆ ರಾಶಿಗೆ ಹೊದಿಕೆ ಹಾಕಿ, ಕಲ್ಲು ಹೇರಿ ಮನೆಗೆ ಹೋಗುತ್ತೇವೆ. ಬಂದರಿನ ಅಂಗಡಿಯಲ್ಲಿ ಒಂದು ನೋಟ್‌ಬುಕ್ ಕೊಂಡು ದಿನದ ಗಾಳಿಯನ್ನು ನಮ್ಮ ಕಣದ ಹೆಸರಿನಲ್ಲೇ ಬರೆಯತೊಡಗಿದೆ. ‘ಇವತ್ತು ಎಳ್ಳು ತೂರೂ ಗಾಳಿ. ಮಂಜಿ ಕೆರಿಯಾಗಿನ ಎಮ್ಮಿ ಹಂಗ ನಿಂತೈತಿ.’ ‘ಕಡ್ಲಿ ತೂರೂ ಗಾಳಿ. ಅನ್ನದ ಬೋಗುಣಿ ಸಮುದ್ರಕ್ಕ ಬಿತ್ತು. ಎಲ್ಲಾರೂ ಉಪಾಸ.’ ಹೀಗೆ ಎಂಟು ವರ್ಷದಲ್ಲಿ ಮೂರು ಪುಸ್ತಕ ಆದವು. ನನ್ನಂಥವನ ಬರಹವನ್ನು ಯಾರು ಕೇಳುತ್ತಾರೆ ಎಂದು ಯಾರಿಗೂ ತೋರಿಸಲಿಲ್ಲ.

ಆಮೇಲೆ ಮಂಜಿಗಳಿಗೆ ಎಂಜಿನ್ ಬಂತು. ಹಾಯಿಗಳನ್ನು ಇಳಿಸಿ ಸರಕಿನ ಮೇಲೆ ಹೊದಿಸಿದರು. ಎಂಜಿನ್ನಿಗೆ ನಾನೇನು ಹೊಲಿಯಲಿ? ಊರಿಗೆ ಬಂದೆ. ಕುಷ್ಟಗಿಯಲ್ಲಿ ಮನೆ ಮಾಡಿ, ಒಂದು ಸಣ್ಣ ಅಂಗಡಿ ಹಿಡಿದು ಲಾರಿಗಳ ತಾಡಪತ್ರಿ ಹೊಲಿಯತೊಡಗಿದೆ, ಇಂದಿಗೂ ಹೊಲಿಯುತ್ತೇನೆ. ಅದೇ ವರ್ಷ ಲಗ್ನವೂ ಆಯಿತು. ಹೆಂಡತಿ ತುಂಗಭದ್ರೆಯ ಹಿನ್ನೀರಿನ ದಂಡೆಯ ಊರಿನವಳು, ನಾಲ್ಕನೆಯ ಇಯತ್ತೆಯವರೆಗೆ ಓದಿದವಳು, ಕೆಲಸದಲ್ಲಿ ಗಟ್ಟಿ, ಮಾತು ಕಮ್ಮಿ.

ಮಾತು ಹೆಚ್ಚಿದ್ದುದು ನನ್ನದು. ಬಂದ ಹೊಸತರಲ್ಲಿ ಕೂತಲ್ಲಿ ನಿಂತಲ್ಲಿ ಹಡಗಿನ ಸುದ್ದಿ. ತಿಮಿಂಗಿಲ ಕಂಡೆ ಎಂದರೆ ಒಪ್ಪಿದರು, ಕಣ್ಣು ಹಾಯಿಸಿದಷ್ಟು ದೂರ ನೀರೇ ಎಂದರೆ ಹೂಂಗುಟ್ಟಿದರು. ಒಂದು ದಿನ ನಾವು ಗಾಳಿಗೆ ಎದುರಾಗಿ, ಅದೇ ಗಾಳಿಯ ಬಲದಿಂದಲೇ ಹೋಗುತ್ತಿದ್ದೆವು ಎಂದೆ. ಅಲ್ಲಿಗೆ ಮುಗಿಯಿತು. ಹೊಟ್ಟು ಎಂದಾದರೂ ಗಾಳಿ ಬರುವ ಕಡೆಗೆ ಹಾರುತ್ತದೆಯೇ ಎಂದು ಕೇಳಿದರು. ಏರು ಹತ್ತುವ ಚಕ್ಕಡಿ ನೇರ ಹತ್ತದೆ ಅಡ್ಡಡ್ಡ ಹೋಗುವುದಿಲ್ಲವೇ, ಹಾಗೆ ಎಂದು ಬಿಡಿಸಿ ಹೇಳಿದೆ. ಚಕ್ಕಡಿಗೆ ಎತ್ತು ಇರುತ್ತವೆ, ನಿನ್ನ ಹಡಗಿಗೆ ಯಾರು ಎಂದರು. ಹಡಗಿನ ಮಾತು ಎಂಬ ಹೆಸರು ಹುಟ್ಟಿದ್ದು ಅಂದೇ.

ಹೆಂಡತಿ ನಗಲಿಲ್ಲ ನಿಜ. ಆದರೆ ನಲವತ್ತೊಂದು ವರ್ಷದಲ್ಲಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮಂದಿ ನಗುವಾಗ ಸುಮ್ಮನೆ ಎದ್ದು ಒಳಗೆ ಹೋಗುತ್ತಿದ್ದಳು. ಸುಳ್ಳುಗಾರನನ್ನು ಕಟ್ಟಿಕೊಂಡೆ ಎಂದು ಮನಸ್ಸಿನಲ್ಲೇ ನೊಂದಿದ್ದಾಳೆ ಎಂದು ನಾನು ಖಾತ್ರಿ ಮಾಡಿಕೊಂಡೆ. ಊರು ನಂಬದಿದ್ದುದಕ್ಕೆ ಸಿಟ್ಟು ಬರುತ್ತಿತ್ತು. ಅವಳು ನಂಬಲಿಲ್ಲ ಎಂಬುದು ಮಾತ್ರ ಉಣ್ಣುವಾಗ, ಮಲಗುವಾಗ, ಅವಳ ಪಕ್ಕ ಬಸ್ಸಿನಲ್ಲಿ ಕೂತಾಗ ನೋಯುತ್ತಿತ್ತು. ನನ್ನ ಬಾಳಿನ ಎಂಟು ವರ್ಷ ಅವಳ ಲೆಕ್ಕದಲ್ಲಿ ಇರಲೇ ಇಲ್ಲವಲ್ಲ. ಮೂರು ನೋಟ್‌ಬುಕ್ಕುಗಳನ್ನು ಟ್ರಂಕಿನ ತಳಕ್ಕೆ ಹಾಕಿದೆ. ಆಮೇಲೆ ನಾನೂ ಆ ಸುದ್ದಿ ಎತ್ತಲಿಲ್ಲ.

ಹೋದ ಶ್ರಾವಣದಲ್ಲಿ ಹೆಂಡತಿಯ ತಮ್ಮ ಹೊಸ ಮನೆ ಕಟ್ಟಿಸಿ ವಾಸ್ತುಶಾಂತಿ ಇಟ್ಟುಕೊಂಡ. ಹಿನ್ನೀರಿನಲ್ಲಿ ಮೀನು ಹಿಡಿಸುವ ಕಸುಬು ಅವನದು, ದಂಡೆಯಲ್ಲಿ ಅವನ ಹರಿಗೋಲುಗಳೇ ಆರೇಳು ಬೋರಲು ಬಿದ್ದಿರುತ್ತವೆ. ಆ ವರ್ಷ ಡ್ಯಾಮು ತುಂಬಿ ನೀರು ಊರಿನ ಬೇವಿನ ಮರದ ಬುಡಕ್ಕೆ ಬಂದಿತ್ತು. ಪಡುವಣ ಗಾಳಿ ಬೀಸುತ್ತಿತ್ತು. ಪಡುವಣ ದಿಕ್ಕಿಗೇ, ಅರ್ಧ ಮೈಲಿ ದೂರದಲ್ಲಿ, ನೀರಿನ ನಡುವೆ ಒಂದು ಕರಿಕಲ್ಲು ಬೆನ್ನು ತೋರಿಸಿಕೊಂಡು ನಿಂತಿತ್ತು. ಊಟದ ಪಂಕ್ತಿಯಲ್ಲಿ ಮೈದುನ ತುಪ್ಪ ಬಡಿಸುತ್ತ ನನ್ನ ಎಲೆಯ ಮುಂದೆ ನಿಂತ.

“ಮಾವಾರ, ಗಾಳಿ ಎದುರಿಗೆ ಹಡಗ ನಡಿಸ್ದವ್ರು ನೀವು. ಇಷ್ಟು ನೀರು ಮುಂದ ಬಿದ್ದೈತಿ. ಒಂದ್ಸಲ ಆ ಕರಿಕಲ್ಲಿನತನಕ ನಡಿಸಿ ತೋರಸ್ರಿ, ನಾವೂ ನೋಡತೀವಿ.”

ಪಂಕ್ತಿ ಪೂರ್ತಿ ನಕ್ಕಿತು. ನಾನು ಹೋಳಿಗೆ ಎಲೆಯಲ್ಲೇ ಬಿಟ್ಟು ಎದ್ದೆ. ಅರವತ್ತೆಂಟರ ವಯಸ್ಸಿನಲ್ಲಿ ಹೋಳಿಗೆ ಬಿಟ್ಟು ಏಳುವುದು ಸಣ್ಣ ಸಿಟ್ಟಲ್ಲ. ಕೊಪ್ಪಳದಲ್ಲಿ ಬಸ್ಸು ಬದಲಿಸಿ ಕುಷ್ಟಗಿ ಮುಟ್ಟುವವರೆಗೆ ಹೆಂಡತಿ ಕಿಟಕಿಯ ಆಚೆಗೇ ನೋಡುತ್ತ ಕೂತಳು.

ಮೂರನೆಯ ದಿನ ಅಂಗಡಿಯಿಂದ ಬಂದಾಗ ಅವಳು ಪಡಸಾಲೆಯಲ್ಲಿ ತನ್ನ ಹಳೆಯ ಸೀರೆಗಳನ್ನೆಲ್ಲ ಹರವಿಕೊಂಡು ಕೂತಿದ್ದಳು. ನನ್ನ ಮುಖ ನೋಡದೆಯೇ ಕೇಳಿದಳು:

“ಹಾಯಿ ಎಷ್ಟು ಮೊಳ ಬೇಕ್ರಿ?”

ನಲವತ್ತೊಂದು ವರ್ಷದಲ್ಲಿ ಅವಳು ಹಡಗಿನ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು. ಚಪ್ಪಲಿ ಬಿಡುವುದನ್ನೂ ಮರೆತು ನೆಲದ ಮೇಲೆ ಕೂತು, ಸೀರೆ ನೀರು ಕುಡಿದು ಭಾರವಾಗುತ್ತದೆ, ಗಟ್ಟಿ ನೇಯ್ಗೆಯ ಮಾದರಪಾಟ ಬಟ್ಟೆ ತರುತ್ತೇನೆ ಎಂದೆ. ತಂದೆ. ನೆಲದ ಮೇಲೆ ಸೀಮೆಸುಣ್ಣದಿಂದ ಮೂರು ಮೂಲೆಯ ಹಾಯಿ ಬರೆದು ತೋರಿಸಿದೆ. ಅಂಚಿಗೆ ಮಾತ್ರ ಅವಳ ಸೀರೆಯ ಗಟ್ಟಿ ದಡಿಗಳನ್ನು ಹಚ್ಚಿದೆವು. ಹಡಗಿನ ಹೊಲಿಗೆ ಅವಳಿಗೆ ಕಲಿಸಲು ಹೋದೆ. ಒಂದು ಗೇಣು ನೋಡಿದಳು, ಆಮೇಲೆ ನನ್ನ ಹೊಲಿಗೆ ಬಿಚ್ಚಿ ತಾನೇ ಹಾಕಿದಳು. ಅವಳದೇ ಚಂದ ಇತ್ತು, ಅದನ್ನು ಒಪ್ಪಿಕೊಳ್ಳಲು ನನಗೆ ಒಂದು ಇಡೀ ದಿನ ಹಿಡಿಯಿತು. ಎಂಟು ದಿನಕ್ಕೆ ಹಾಯಿ ಮುಗಿಯಿತು. ಕೊನೆಯ ಮೂಲೆ ಮುಚ್ಚುವ ಮೊದಲು ಅವಳು ಒಂದು ಚೂರು ರೊಟ್ಟಿ ಒಳಗಿಟ್ಟಳು. ನಾನು ಏನೋ ಹೇಳಲು ಬಾಯಿ ತೆರೆದೆ.

“ಇಲ್ಲಿ ಇಲಿ ಬರೂದಿಲ್ಲ, ಸುಮ್ನಿರ್ರಿ,” ಎಂದಳು.

ನಮ್ಮ ಮನೆಯ ಇಲಿಯ ಮಾತು ಅಂದುಕೊಂಡು ಸುಮ್ಮನಾದೆ.

ಸೋಮವಾರ ನಮ್ಮ ಕಡೆ ಎತ್ತು ಹೂಡುವುದಿಲ್ಲ. ಎತ್ತಿಗೆ ರಜೆ ಎಂದರೆ ಊರಿಗೂ ಪುರುಸೊತ್ತು. ನಾವು ಹಾಯಿಯನ್ನು ಸುತ್ತಿಕೊಂಡು ಬಸ್ಸಿನಿಂದ ಇಳಿದಾಗ ಸುದ್ದಿ ಮೊದಲೇ ಮುಟ್ಟಿತ್ತು, ದಂಡೆಯ ತುಂಬ ಜನ. ಮೈದುನ ಹರಿಗೋಲು ತೋರಿಸಿದ. ಹರಿಗೋಲು ದುಂಡಗೆ, ಅದಕ್ಕೆ ಮುಂದೂ ಇಲ್ಲ ಹಿಂದೂ ಇಲ್ಲ, ಗಾಳಿಗೆ ಬುಗುರಿಯಾಗುತ್ತದೆ ಎಂದೆ. ಬೇವಿನ ಮರದ ಕೆಳಗೆ ಒಂದು ಹಳೆಯ ಮರದ ದೋಣಿ ಬಿದ್ದಿತ್ತು, ಅದರೊಳಗೆ ಆಡುಗಳು ಮಲಗುತ್ತಿದ್ದವು. ಅದನ್ನು ಕೇಳಿ ಪಡೆದು, ಹಿಕ್ಕೆ ಗುಡಿಸಿ, ಬಿರುಕು ಮುಚ್ಚಿ ನೀರಿಗೆ ಇಳಿಸಿದೆ. ವಾಸ್ತುಶಾಂತಿಗೆ ಹಾಕಿದ್ದ ಹಂದರದ ಗಳ ಕಂಬವಾಯಿತು, ಬಿದಿರು ಅಡ್ಡಕ್ಕೆ ಬಂತು. ಹಾಯಿ ಏರಿಸಿದೆ. ಅದು ಫಟ್ಟೆಂದು ಬಿಚ್ಚಿಕೊಂಡಿತು. ಎಷ್ಟು ವರ್ಷವಾಗಿತ್ತು ಆ ಸದ್ದು ಕೇಳಿ.

ಹೊರಟೆ. ದೋಣಿ ಮುಂದೆ ಹೋಗಲಿಲ್ಲ. ಏಡಿಯಂತೆ ಅಡ್ಡಡ್ಡ ಜಾರಿ, ಗಾಳಿ ತಳ್ಳಿದ ಕಡೆಗೇ ಸರಿದು, ಮೈ ತೊಳೆಸಿಕೊಳ್ಳುತ್ತಿದ್ದ ಎಮ್ಮೆಗಳ ನಡುವೆ ಹೋಗಿ ಕೆಸರಿಗೆ ಹತ್ತಿತು. ದಂಡೆಯ ನಗು ನನಗೆ ಚೆನ್ನಾಗಿ ಕೇಳಿಸಿತು. ಎಮ್ಮೆಗೆ ಎದುರಾಗಿ ಹಡಗು ನಡೆಸಿದವರು ಇವರೊಬ್ಬರೇ ಎಂದು ಮೈದುನ ಎಲ್ಲರಿಗೂ ಹೇಳುತ್ತಿದ್ದ. ಅವಮಾನದಿಂದ ಕಣ್ಣು ತುಂಬಿದವು, ಅದನ್ನು ಮುಚ್ಚಿಡುವುದಿಲ್ಲ. ಹೆಂಡತಿ ಸೀರೆ ಎತ್ತಿ ಕಟ್ಟಿಕೊಂಡು, ಮೊಳಕಾಲು ನೀರಿನಲ್ಲಿ ನಡೆದು ನನ್ನ ಹತ್ತಿರ ಬಂದಳು. ಯಾಕೆ ಜಾರಿತು ಎಂದು ಕೇಳಿದಳು, ಅಷ್ಟೇ. ಕೇಳಿದ್ದಕ್ಕೆ ಯೋಚಿಸಿದೆ. ಯೋಚಿಸಿದ್ದಕ್ಕೆ ಹೊಳೆಯಿತು. ಮಂಜಿಗೆ ನೀರಿನೊಳಗೆ ಆಳದ ತಳ, ಅದರ ತುಂಬ ಸರಕಿನ ಭಾರ. ಅದೇ ಅದನ್ನು ಅಡ್ಡ ಜಾರದಂತೆ ಹಿಡಿಯುತ್ತಿತ್ತು. ಈ ದೋಣಿಗೆ ಚಪ್ಪಟೆ ತಳ, ಹೊಟ್ಟೆ ಖಾಲಿ. ಎಂಟು ವರ್ಷ ಅದರ ಮೇಲೆ ನಿಂತು, ಕಾಲ ಕೆಳಗೆ ಏನಿತ್ತು ಎಂಬುದನ್ನೇ ಮರೆತಿದ್ದೆ.

ಒಂದು ಹಲಗೆ ಬೇಕು, ಪಕ್ಕಕ್ಕೆ ನೀರಿನೊಳಗೆ ಇಳಿಬಿಡಲು ಎಂದೆ. ಅವಳು ಅತ್ತ ಇತ್ತ ನೋಡಲಿಲ್ಲ. ತಮ್ಮನ ಹೊಸ ಮನೆಯ ಗೋಡೆಗೆ ಒರಗಿಸಿಟ್ಟಿದ್ದ ಹಳೆಯ ಮನೆಯ ಬಾಗಿಲನ್ನು ತೋರಿಸಿದಳು. ಅವಳು ಹುಟ್ಟಿ, ಆಡಿ, ಮದುವೆಯಾಗಿ ದಾಟಿ ಬಂದ ಬಾಗಿಲು ಅದು. ಮೈದುನನೇ ಹೊತ್ತು ತಂದ. ಅದರ ಒಂದು ಹಲಗೆಯನ್ನು ಬಿಚ್ಚಿ ದೋಣಿಯ ಪಕ್ಕಕ್ಕೆ, ಗಾಳಿ ತಳ್ಳುವ ಕಡೆಗೆ, ಹಗ್ಗದಿಂದ ಬಿಗಿದೆ. ಮಂಜಿಯಲ್ಲಿ ಹಾಕುತ್ತಿದ್ದ ಗಂಟನ್ನು ನನ್ನ ಕೈ ಮರೆತಿರಲಿಲ್ಲ. ಇನ್ನು ಭಾರಕ್ಕೆ ಕಲ್ಲು ಆರಿಸತೊಡಗಿದೆ.

“ಕಲ್ಲು ಯಾಕ ಹೊರತೀರಿ, ನಾ ಕೂಡ್ತೀನಿ,” ಎಂದು ಅವಳು ದೋಣಿ ಹತ್ತಿದಳು.

ಎರಡನೆಯ ಸಲ ಹೊರಟೆವು. ನಾನು ಹಿಂದೆ ಚುಕ್ಕಾಣಿಯಂತೆ ಹುಟ್ಟು ಹಿಡಿದೆ, ಅವಳು ಎತ್ತಿನ ಹಗ್ಗ ಹಿಡಿದಂತೆ ಹಾಯಿಯ ಹಗ್ಗ ಹಿಡಿದಳು. ದೋಣಿ ಒಂದು ಕ್ಷಣ ಅನುಮಾನಿಸಿತು. ಆಮೇಲೆ ಹಲಗೆ ನೀರನ್ನು ಕಚ್ಚಿತು, ದೋಣಿ ಓರೆಯಾಗಿ ಮುಂದಕ್ಕೆ ಸರಿಯಿತು. ಕರಿಕಲ್ಲು ಅಲ್ಲಿದ್ದರೆ ನಾವು ಅದರ ಎಡಕ್ಕೆ ಎಲ್ಲಿಗೋ ಹೊರಟಿದ್ದೆವು. ದಾರಿ ತಪ್ಪಿದಿರಿ ಎಂದು ದಂಡೆಯಿಂದ ಕೂಗಿದರು. ಬಹಳ ದೂರ ಹೋಗಿ, ಗಾಳಿಗೆ ಬೆನ್ನು ಕೊಟ್ಟು ಸುತ್ತಿಸಿ, ಹಾಯಿಯನ್ನು ಕಂಬದ ಆಚೆ ದಾಟಿಸಿ, ಹಲಗೆಯನ್ನು ಇನ್ನೊಂದು ಬದಿಗೆ ಕಟ್ಟಿ ಬಲಕ್ಕೆ ಹೊರಳಿದೆವು. ಮತ್ತೆ ಎಡಕ್ಕೆ. ಮತ್ತೆ ಬಲಕ್ಕೆ. ನಾಲ್ಕನೆಯ ಹೊರಳಿನಲ್ಲಿ ನೋಡಿದರೆ ಕರಿಕಲ್ಲಿನ ಮೇಲೆ ಕೂತ ಹಕ್ಕಿಗಳನ್ನು ಎಣಿಸುವಷ್ಟು ಹತ್ತಿರ ಬಂದಿದ್ದೆವು. ಗಾಳಿ ನೇರ ಮುಖಕ್ಕೆ ಬೀಸುತ್ತಿತ್ತು. ದಂಡೆಯಲ್ಲಿ ಯಾರೂ ಕೂಗುತ್ತಿರಲಿಲ್ಲ.

ಅವಳು ಗಾಳಿಗೆ ಕೆನ್ನೆ ಒಡ್ಡಿ, ಕಣದಲ್ಲಿ ಮೊರ ಎತ್ತುವ ಮುಂಚೆ ಹೆಂಗಸರು ಅಳೆಯುವಂತೆ ಅದನ್ನು ಅಳೆದು ಹೇಳಿದಳು:

“ಇದು ನಿಮ್ಮ ಎಳ್ಳು ತೂರೂ ಗಾಳಿ ಅಲ್ರಿ. ಸಜ್ಜಿ ತೂರೂ ಗಾಳಿ. ಹಗ್ಗ ಒಂದೀಟು ಸಡ್ಲ ಬಿಡ್ಲೇನು?”

ಗಾಳಿಯ ಆ ಹೆಸರುಗಳನ್ನು ನಾನು ಯಾರ ಮುಂದೆಯೂ ಆಡಿದವನಲ್ಲ. ಅವು ಇದ್ದದ್ದು ಟ್ರಂಕಿನ ತಳದ ಮೂರು ಪುಸ್ತಕಗಳಲ್ಲಿ ಮಾತ್ರ. ಇಲಿಯ ಮಾತೂ ಆಗ ನೆನಪಾಯಿತು. ಅದೂ ಅಲ್ಲಿಯದೇ.

“ಯಾವಾಗ ಓದಿದಿ?”

“ಲಗ್ನಾದ ವರ್ಷ. ಮೂರೂ ಓದೀನಿ. ಗಾಳಿ ಹೆಸರು ಸುಳ್ಳು ಬರಿಯಾಕ ಬರೂದಿಲ್ಲ, ಕಣದಾಗ ನಿಂತವ್ರಿಗೆ ಗೊತ್ತಾಗತೈತಿ.”

ಹಾಗಾದರೆ ಇಷ್ಟು ವರ್ಷ ಯಾಕೆ ಒಂದು ಮಾತು ಹೇಳಲಿಲ್ಲ ಎಂದು ಕೇಳಿದೆ. ನನ್ನ ಧ್ವನಿ ಏರಿತ್ತು. ಅವಳು ಹಗ್ಗದಿಂದ ಕಣ್ಣು ತೆಗೆಯಲಿಲ್ಲ. ಕೇಳದೆ ಓದಿದ್ದೆ, ಅದಕ್ಕೆ ಹೆದರಿಕೆ ಇತ್ತು ಎಂದಳು. ಆಮೇಲೆ ನೀವೇ ಪುಸ್ತಕ ಮುಚ್ಚಿಟ್ಟಿರಿ, ಸುದ್ದಿಯನ್ನೂ ಬಿಟ್ಟಿರಿ, ನೋವಾದದ್ದನ್ನು ಕೆದಕುವುದು ಬೇಡ ಎಂದು ನಾನೂ ಬಿಟ್ಟೆ ಎಂದಳು. ಮತ್ತೆ ಹೇಳಿದಳು:

“ನಾ ನಂಬಿದ್ದೆ. ಮಂದಿ ಬಾಯಿ ಮುಚ್ಚಸಾಕ ಮಾತ್ರ ನಾನೂ ಒಮ್ಮಿ ಹತ್ತಿ ಬರಬೇಕಿತ್ತು.”

ನಾನು ಅತ್ತೆ. ಗಾಳಿ ಮುಖಕ್ಕೇ ಇತ್ತು, ಕಣ್ಣೀರು ಕಿವಿಯ ಕಡೆಗೆ ಹರಿಯಿತು. ಎಂಟು ವರ್ಷ ಸಮುದ್ರದಲ್ಲಿ ಒಬ್ಬನೇ ಇದ್ದೆ ಅಂದುಕೊಂಡಿದ್ದೆ. ನಲವತ್ತೊಂದು ವರ್ಷದಿಂದ ಅವಳಿಗೆ ನನ್ನ ಒಂದೊಂದು ದಿನದ ಗಾಳಿಯೂ ಗೊತ್ತಿತ್ತು.

ಕರಿಕಲ್ಲಿನ ಪಕ್ಕಕ್ಕೆ ದೋಣಿ ತಾಗಿಸಿದೆ. ಅವಳು ಬಗ್ಗಿ ಅಂಗೈಯನ್ನು ಕಲ್ಲಿಗೆ ಒತ್ತಿ ಮುಟ್ಟಿದಳು. ಆಮೇಲೆ ತಿರುಗಿ ದಂಡೆಯ ಕಡೆಗೆ ಆ ಕೈ ಎತ್ತಿ ತೋರಿಸಿದಳು. ಅಷ್ಟು ದೂರದಿಂದಲೂ ಜನರ ಕೇಕೆ ನೀರಿನ ಮೇಲೆ ಹಾದು ನಮಗೆ ಬಂದು ಮುಟ್ಟಿತು.

ಬರುವಾಗ ಗಾಳಿ ಬೆನ್ನಿಗೆ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ದಂಡೆ. ಮೈದುನ ಸೊಂಟದ ತನಕ ನೀರಿಗೆ ಇಳಿದು ಬಂದು ದೋಣಿ ಹಿಡಿದ. ಒಳ್ಳೆಯ ಮನುಷ್ಯ ಅವನು, ಬಾಯಿ ಮಾತ್ರ ಸಡಿಲ. ತಪ್ಪಾಯಿತು ಎಂದು ನನ್ನ ಕಾಲು ಮುಟ್ಟಲು ಬಂದ. ಒಂದು ಸುತ್ತು ನನ್ನನ್ನೂ ಕರೆದುಕೊಂಡು ಹೋಗಿರಿ ಎಂದು ಕೇಳಿದ. ನಾನು ಉತ್ತರ ಕೊಡುವ ಮೊದಲು ಅವಳೇ, ನಲವತ್ತು ವರ್ಷ ನಾನು ಪಾಳಿ ಹಚ್ಚಿ ನಿಂತಿದ್ದೇನೆ, ನೀನು ಹಿಂದೆ ನಿಲ್ಲು ಎಂದಳು. ಆ ದಿನ ಬಿಟ್ಟಿದ್ದ ಹೋಳಿಗೆಯನ್ನು ಅವರ ಮನೆಯಲ್ಲಿ ಮತ್ತೆ ಮಾಡಿಸಿದರು. ನಾನು ನಾಲ್ಕು ತಿಂದೆ.

ಈಗಲೂ ನಮ್ಮ ಕಡೆ ಹಡಗಿನ ಮಾತು ಎನ್ನುತ್ತಾರೆ. ಆದರೆ ಎಮ್ಮೆಯ ಹಾಲಿನ ಬಗ್ಗೆ ಅಲ್ಲ. ಆಗದು ಎಂದು ಎಲ್ಲರೂ ಕೈಬಿಟ್ಟದ್ದು ಆಗಿಬಿಟ್ಟರೆ, ಹಡಗಿನ ಮಾತಾಯಿತು ನೋಡು ಎನ್ನುತ್ತಾರೆ. ಅದನ್ನು ಕೇಳಿದಾಗ ನಾನು ಏನೂ ಗೊತ್ತಿಲ್ಲದವನಂತೆ ಚಹಾ ಕುಡಿಯುತ್ತೇನೆ.

ಕುಷ್ಟಗಿಗೆ ಮರಳಿದ ಮರುದಿನ ಟ್ರಂಕಿನಿಂದ ಮೂರನೆಯ ಪುಸ್ತಕ ತೆಗೆದೆ. ಕೊನೆಯಲ್ಲಿ ನಾಲ್ಕು ಹಾಳೆ ಖಾಲಿ ಉಳಿದಿದ್ದವು. ಆ ಸೋಮವಾರದ ಗಾಳಿಯನ್ನು ಬರೆಯಬೇಕೆಂದು ಕೂತೆ. ಹುಟ್ಟು ಹಿಡಿದ ಬೆರಳುಗಳು ಬಾತು ಪೆನ್ನು ನಿಲ್ಲುತ್ತಿರಲಿಲ್ಲ. ಅವಳು ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಬಂದು, ಪೆನ್ನು ತೆಗೆದುಕೊಂಡು, ನಾಲ್ಕನೆಯ ಇಯತ್ತೆಯ ದುಂಡು ಅಕ್ಷರಗಳಲ್ಲಿ ಒಂದೊಂದನ್ನೇ ಒತ್ತಿ ಬರೆದಳು:

‘ಸಜ್ಜಿ ತೂರೂ ಗಾಳಿ. ಎದುರಿಗೇ ಹೋದ್ವಿ.’